ಹತ್ತನೇ ನಂಬರಿನ ಜೆರ್ಸಿ

2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫುಟ್‌ಬಾಲ್ ಫೈನಲ್ ನಡೆಯಿತು. ಒಂದು ಕಡೆ ಕೋಲ್ಕತ್ತದ ಮೋಹನ್ ಬಗಾನ್, ಇನ್ನೊಂದು ಕಡೆ ಗೋವಾದ ಡೆಂಪೊ. ಡೆಂಪೊ ತಂಡದ ಮುಂಚೂಣಿಯಲ್ಲಿದ್ದವರು ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್. ಆಗ ಅವರಿಗೆ 25 ವರ್ಷ.

ಮೊದಲ ಗೋಲು ಅವರದೇ. ದ್ವಿತೀಯಾರ್ಧದಲ್ಲಿ ಎರಡನೆಯದನ್ನೂ ಅವರೇ ಹೊಡೆದರು. ಆ ಭರದಲ್ಲಿ, ತಡೆಯಲು ಮುಂದೆ ನುಗ್ಗಿ ಬಂದ ಗೋಲ್‌ಕೀಪರ್ ಸುಬ್ರತ ಪಾಲ್ ಅವರಿಗೆ ಡಿಕ್ಕಿಯಾಗಿ ಕುಸಿದು ಬಿದ್ದರು. ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಪ್ರಾಣ ಹೋಗಿತ್ತು. ಡೆಂಪೊ 2-0ಯಿಂದ ಗೆದ್ದಿತ್ತು. ಕ್ಲಬ್ಬಿನ ಮೊದಲ ಫೆಡರೇಷನ್ ಕಪ್ ಅದು.

ಆಟಗಾರರನ್ನು ಕಳೆದುಕೊಂಡ ತಂಡಗಳ ಕತೆ ಫುಟ್‌ಬಾಲ್ ಲೋಕಕ್ಕೆ ಹೊಸದಲ್ಲ. 1958ರ ಮ್ಯೂನಿಕ್ ವಿಮಾನ ದುರಂತದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಎಂಟು ಆಟಗಾರರು ಸತ್ತರು. ಆ ಕ್ಲಬ್ಬು ಯುರೋಪಿಯನ್ ಕಪ್ ಗೆಲ್ಲಲು ಹತ್ತು ವರ್ಷ ಬೇಕಾಯಿತು. ಡೆಂಪೊ ಕಳೆದುಕೊಂಡದ್ದು ಒಬ್ಬರನ್ನು. ಆದರೆ ಗೋಲು ಹೊಡೆಯುವ ಹೊಣೆ ಬಹುಪಾಲು ಆ ಒಬ್ಬರ ಮೇಲೇ ಇತ್ತು. ಕೋಚ್ ಅರ್ಮಾಂಡೊ ಕೊಲಾಸೊ ಉಳಿದವರನ್ನೇ ಕಟ್ಟಿಕೊಂಡು ಮುಂದೆ ಹೋದರು. ನೈಜೀರಿಯಾದ ರಾಂಟಿ ಮಾರ್ಟಿನ್ಸ್ ಮುಂದಿನ ವರ್ಷಗಳಲ್ಲಿ ತಂಡದ ಮುಖ್ಯ ಗೋಲುಗಾರರಾಗಿ ಬೆಳೆದರು. ಅದೇ ಋತುವಿನಲ್ಲಿ, 2004-05ರಲ್ಲಿ, ಡೆಂಪೊ ಮೊದಲ ಬಾರಿಗೆ ರಾಷ್ಟ್ರೀಯ ಲೀಗ್ ಗೆದ್ದಿತು. 2012ರ ಹೊತ್ತಿಗೆ ರಾಷ್ಟ್ರೀಯ ಲೀಗ್ ಮತ್ತು ಐ-ಲೀಗ್ ಸೇರಿ ಐದು ಪ್ರಶಸ್ತಿಗಳು ಅದರದಾಗಿದ್ದವು. ಜೂನಿಯರ್ ತೊಡುತ್ತಿದ್ದ ಹತ್ತನೇ ನಂಬರಿನ ಜೆರ್ಸಿಯನ್ನು ಮಾತ್ರ ಕ್ಲಬ್ಬು ಬೇರೆ ಯಾರಿಗೂ ಕೊಡದೆ ತೆಗೆದಿರಿಸಿತು.

ತನ್ನನ್ನು ಮತ್ತೆ ಕಟ್ಟಿಕೊಳ್ಳಬೇಕಾದವರು ಎದುರು ಪಾಳಯದಲ್ಲೂ ಒಬ್ಬರಿದ್ದರು. ಸುಬ್ರತ ಪಾಲ್‌ಗೆ ಆಗಿನ್ನೂ ಹದಿನೆಂಟರ ಆಸುಪಾಸು. ಅಮಾನತು ಶಿಕ್ಷೆ ಬಂತು. ಜನರ ಬಿರುನುಡಿಯೂ ಬಂತು. ಅದನ್ನೆಲ್ಲ ದಾಟಿ 2011ರ ಏಷ್ಯನ್ ಕಪ್‌ನಲ್ಲಿ ಅವರು ಭಾರತದ ಗೋಲು ಕಾದರು. 2016ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು.

ತಂಡ ಎದ್ದು ನಿಂತಿತು, ಗೋಲ್‌ಕೀಪರೂ ಎದ್ದು ನಿಂತರು. ಮೈದಾನದ ಅಂಚಿನಲ್ಲಿ ಇರಬೇಕಾದ ವ್ಯವಸ್ಥೆ? 2004ರಲ್ಲೇ ತುರ್ತು ಚಿಕಿತ್ಸೆಯ ಏರ್ಪಾಡು ಸಾಲದೆಂಬ ಟೀಕೆ ಎದ್ದಿತ್ತು. ಏಳು ವರ್ಷ ಕಳೆದ ಮೇಲೆ, 2012ರ ಮಾರ್ಚ್‌ನಲ್ಲಿ, ಅದೇ ಬೆಂಗಳೂರಿನ ಸ್ಥಳೀಯ ಲೀಗ್ ಪಂದ್ಯವೊಂದರಲ್ಲಿ ಬೆಂಗಳೂರು ಮಾರ್ಸ್ ತಂಡದ ಯುವ ಆಟಗಾರರೊಬ್ಬರು ಕುಸಿದು ಬಿದ್ದರು. ಆಂಬುಲೆನ್ಸ್ ಇರಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಒಯ್ದರು, ಬದುಕಲಿಲ್ಲ.

2021ರ ಜೂನ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಅವರ ಹೃದಯ ಆಟದ ನಡುವೆಯೇ ನಿಂತಿತು. ವೈದ್ಯರು ಅಲ್ಲೇ ಎದೆ ಒತ್ತಿ, ಡಿಫಿಬ್ರಿಲೇಟರ್ ಬಳಸಿ ಉಳಿಸಿದರು. ಅವರು ಮತ್ತೆ ಆಡಿದರು ಕೂಡ. ಹೃದಯ ನಿಂತಾಗ ಕೈಯಲ್ಲಿರುವುದು ಕೆಲವೇ ನಿಮಿಷ. ಆ ನಿಮಿಷಗಳಿಗೆ ಸಿದ್ಧತೆ ಇಲ್ಲದ ಮೈದಾನದಲ್ಲಿ ಎತ್ತಿಟ್ಟ ಜೆರ್ಸಿ ಅರ್ಧ ಗೌರವ ಮಾತ್ರ.