ಗ್ರಾಮೀಣ ಶಿಕ್ಷಕರಿಗೆ ಗಣಕ ಕೌಶಲ: ಸಂಪಗಾಂವ ಭಾಗದ ಶಾಲೆಗಳಿಗೊಂದು ಕೈಪಿಡಿ

ಬ್ರಿಟಿಷರ ಆಳ್ವಿಕೆಯಲ್ಲಿ ಸಂಪಗಾಂವ ಹೆಸರಿನ ತಾಲೂಕೇ ಇತ್ತು. ಇಂದು ಅದು ಬೈಲಹೊಂಗಲ ತಾಲೂಕಿಗೆ ಸೇರಿದ ಒಂದು ಗ್ರಾಮ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಶಾಲೆಗಳು ಬೆಳಗಾವಿ ಶೈಕ್ಷಣಿಕ ಜಿಲ್ಲೆಯ ವ್ಯಾಪ್ತಿಗೆ ಬರುತ್ತವೆ. ಕರಾವಳಿಯ ಕ್ರೈಸ್ತರಿಗೂ ಈ ನಾಡು ಅಪರಿಚಿತವಲ್ಲ. 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯದಿಂದಲೇ 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಬೇರ್ಪಟ್ಟಿತು. ಘಟ್ಟದ ಮೇಲಾಗಲಿ ಕೆಳಗಾಗಲಿ, ಕನ್ನಡ ಮಾಧ್ಯಮದ ಶಿಕ್ಷಕರು ಎದುರಿಸುವ ಪ್ರಶ್ನೆ ಒಂದೇ: ಗಣಕಯಂತ್ರವನ್ನು ಪಾಠಕ್ಕೂ ಸ್ವಂತ ಕೆಲಸಕ್ಕೂ ಬಳಸುವುದು ಹೇಗೆ?

ನಡೆದು ಬಂದ ದಾರಿ

2000ದ ದಶಕದ ಆರಂಭದಲ್ಲಿ ಕರ್ನಾಟಕ ಸರ್ಕಾರ 'ಮಾಹಿತಿ ಸಿಂಧು' ಯೋಜನೆಯ ಮೂಲಕ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳನ್ನು ತಲುಪಿಸಿತು. 2004ರ ಡಿಸೆಂಬರ್‌ನಲ್ಲಿ ಕೇಂದ್ರದ 'ಐಸಿಟಿ ಅಟ್ ಸ್ಕೂಲ್ಸ್' ಯೋಜನೆ ಬಂತು. ಆದರೆ ಈ ಯೋಜನೆಗಳ ಗಮನ ಹೆಚ್ಚಾಗಿ ಯಂತ್ರ ಹಾಗೂ ಪ್ರಯೋಗಾಲಯಗಳ ಮೇಲಿತ್ತು. ಹಲವೆಡೆ ಗಣಕ ಪಾಠವನ್ನು ಹೊರಗಿನಿಂದ ಬಂದ ಬೋಧಕರು ಮಾಡುತ್ತಿದ್ದರು. ವಿಷಯ ಶಿಕ್ಷಕರು ಪಕ್ಕದಲ್ಲೇ ಉಳಿದರು. ಗುತ್ತಿಗೆ ಮುಗಿದಾಗ ಕೊಠಡಿಗೆ ಬೀಗ ಬೀಳುವ ಅಪಾಯವೂ ಇತ್ತು.

2011-12ರಿಂದ ನಡೆದ 'ವಿಷಯ ಶಿಕ್ಷಕರ ವೇದಿಕೆ' ಈ ಕ್ರಮವನ್ನು ಬದಲಿಸಿತು. ರಾಜ್ಯದ ಶಿಕ್ಷಣ ಇಲಾಖೆ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ ಮುಕ್ತ ತಂತ್ರಾಂಶಗಳ ತರಬೇತಿ ನೀಡಿದವು. ಇದರಿಂದಲೇ ಶಿಕ್ಷಕರು ತಾವೇ ಪಾಠ ಸಾಮಗ್ರಿ ಬರೆದು ಹಂಚುವ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ತಾಣ ಬೆಳೆಯಿತು. ಮುಂದೆ ಟಾಲ್ಪ್ ತರಬೇತಿ, 2017ರ ಸೆಪ್ಟೆಂಬರ್ 5ರಂದು ದೀಕ್ಷಾ ವೇದಿಕೆ, 2019ರ ಆಗಸ್ಟ್‌ನಲ್ಲಿ ನಿಷ್ಠಾ ತರಬೇತಿ ಆರಂಭವಾದವು. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಫೋನ್ ಇಲ್ಲದ ಮಕ್ಕಳಿಗಾಗಿ 'ವಿದ್ಯಾಗಮ' ಕಾರ್ಯಕ್ರಮದಡಿ ಶಿಕ್ಷಕರು ಗುಡಿ, ಸಮುದಾಯ ಭವನ, ಮರದ ನೆರಳಲ್ಲಿ ಪಾಠ ಮಾಡಬೇಕಾಯಿತು. ಯಂತ್ರ ಎಲ್ಲರ ಮನೆಯಲ್ಲೂ ಇಲ್ಲವೆಂಬುದು ಆಗ ಸ್ಪಷ್ಟವಾಯಿತು.

ಮೊದಲ ಪಾಠ: ಕನ್ನಡ ಬೆರಳಚ್ಚು

ಕನ್ನಡ ಶಿಕ್ಷಕರ ಗಣಕ ಕಲಿಕೆ ಬೆರಳಚ್ಚಿನಿಂದ ಆರಂಭವಾಗಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಆಕಾರಗಳನ್ನು ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳೇ ಕಾಣುತ್ತವೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೇ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದೆ. ಹಾಗಾಗಿ ಯೂನಿಕೋಡ್‌ನಲ್ಲಿ ಬರೆದ ಪ್ರಶ್ನೆಪತ್ರಿಕೆಯನ್ನು ಫೋನಿನಲ್ಲೂ ಓದಬಹುದು, ಹುಡುಕಬಹುದು, ಮುಂದಿನ ವರ್ಷ ತಿದ್ದಿ ಬಳಸಬಹುದು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ವಾರ ಅಭ್ಯಾಸ ಮಾಡಿದರೆ ಕೈ ಕೂರುತ್ತದೆ. 2017ರಿಂದ ಫೋನಿನಲ್ಲಿ ಕನ್ನಡ ಮಾತನ್ನೇ ಬರಹವಾಗಿಸುವ ಸೌಲಭ್ಯವೂ ಇದೆ. ಆದರೆ ಒತ್ತಕ್ಷರ, ಹೆಸರುಗಳನ್ನು ಮರುಓದಿ ತಿದ್ದುವುದು ಅಗತ್ಯ.

ಇದು ಸಣ್ಣ ವಿಷಯವಲ್ಲ. ಸ್ವತಃ ಬೆರಳಚ್ಚು ಮಾಡಲಾರದ ಶಿಕ್ಷಕರು ಪ್ರತಿ ಪರೀಕ್ಷೆಗೂ ಪೇಟೆಯ ಅಂಗಡಿಗೆ ಹೋಗಿ ಹಣ ಕೊಡಬೇಕು. ಪ್ರಶ್ನೆಪತ್ರಿಕೆಯ ಗೌಪ್ಯತೆಯೂ ಅಲ್ಲಿಯೇ ಉಳಿಯುತ್ತದೆ.

ತರಗತಿಯಲ್ಲಿ ಬಳಕೆ

* ಗಣಿತ: ಜಿಯೋಜಿಬ್ರಾ ಉಚಿತ ತಂತ್ರಾಂಶ. ತ್ರಿಭುಜದ ಒಂದು ಶೃಂಗವನ್ನು ಎಳೆದಂತೆ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಾಗಿಯೇ ಉಳಿಯುತ್ತದೆ. ಇದನ್ನು ಕಣ್ಣಾರೆ ಕಂಡ ನಂತರ ಸಾಧನೆಗೆ ಹೋಗುವುದು ಸುಲಭ.

* ವಿಜ್ಞಾನ: ಕೊಲೊರಾಡೋ ವಿಶ್ವವಿದ್ಯಾಲಯದ ಫೆಟ್ ಅನುಕರಣೆಗಳಲ್ಲಿ ಹಲವು ಕನ್ನಡದಲ್ಲೂ ದೊರೆಯುತ್ತವೆ. ಮೊದಲೇ ಇಳಿಸಿಕೊಂಡರೆ ಅಂತರ್ಜಾಲ ಬೇಕಿಲ್ಲ.

* ಸಮಾಜ ವಿಜ್ಞಾನ: ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ನವಿಲುತೀರ್ಥ ಅಣೆಕಟ್ಟಿನವರೆಗೆ, ಅಲ್ಲಿಂದ ಕೂಡಲಸಂಗಮದವರೆಗೆ ಉಪಗ್ರಹ ನಕ್ಷೆಯಲ್ಲಿ ಮಕ್ಕಳೇ ಹಿಂಬಾಲಿಸಲಿ. 1824ರ ಕಿತ್ತೂರು ಯುದ್ಧದ ಪಾಠಕ್ಕೆ ಕೋಟೆ, ಸಂಗೊಳ್ಳಿ, ಬೈಲಹೊಂಗಲಗಳನ್ನು ಗುರುತಿಸಿ ಅಂತರ ಅಳೆಯಲಿ.

* ಪಠ್ಯಪುಸ್ತಕ: ಕ್ಯೂಆರ್ ಸಂಕೇತವಿರುವ ಪಾಠಗಳ ದೀಕ್ಷಾ ಸಾಮಗ್ರಿಯನ್ನು ಹಿಂದಿನ ದಿನವೇ ಇಳಿಸಿಕೊಳ್ಳುವುದು ಒಳಿತು.

ವಿದ್ಯುತ್ ಹೋದರೂ ಪಾಠ ನಿಲ್ಲದಂತೆ ಕಪ್ಪುಹಲಗೆಯ ಯೋಜನೆಯೊಂದು ಸಿದ್ಧವಿರಲಿ. ದೃಶ್ಯವನ್ನು ಐದು ನಿಮಿಷ ತೋರಿಸಿ ಹತ್ತು ನಿಮಿಷ ಪ್ರಶ್ನೆ ಕೇಳುವುದು, ಅರ್ಧ ಗಂಟೆ ಸುಮ್ಮನೆ ತೋರಿಸುವುದಕ್ಕಿಂತ ಮೇಲು.

ಸ್ವಂತ ಕೆಲಸದಲ್ಲಿ ಉಳಿತಾಯ

ಶಾಲೆಯ ದಾಖಲೆ ಕೆಲಸ ಶಿಕ್ಷಕರ ಸಮಯವನ್ನು ಬಹಳವಾಗಿ ತಿನ್ನುತ್ತದೆ. ಲಿಬ್ರೆಆಫೀಸ್‌ನಂತಹ ಉಚಿತ ತಂತ್ರಾಂಶದ ಒಂದೇ ಕೋಷ್ಟಕದಲ್ಲಿ ಮಗುವಿಗೊಂದು ಸಾಲು, ನಾಲ್ಕು ರೂಪಣಾತ್ಮಕ ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿಗೆ ಆರು ಕಂಬ ಹಾಕಿದರೆ ಮೊತ್ತ, ಸರಾಸರಿ ತಾನಾಗಿ ಬರುತ್ತವೆ. ಇನ್ನೂ ಮುಖ್ಯವಾದುದು, ಕಡಿಮೆ ಅಂಕಗಳಿಗೆ ಬಣ್ಣ ಬರುವಂತೆ ಮಾಡಿದರೆ ಹಿಂದುಳಿಯುತ್ತಿರುವ ಮಗು ಮೊದಲ ಪರೀಕ್ಷೆಯಲ್ಲೇ ಕಣ್ಣಿಗೆ ಬೀಳುತ್ತದೆ. ವರ್ಷದ ಕೊನೆಯವರೆಗೆ ಕಾಯಬೇಕಿಲ್ಲ. ಕಬ್ಬಿನ ಕಟಾವಿನ ದಿನಗಳಲ್ಲಿ ಯಾರ ಹಾಜರಾತಿ ಕುಸಿಯುತ್ತದೆ ಎಂಬುದೂ ಇದೇ ರೀತಿ ತಿಳಿಯುತ್ತದೆ.

ಕಡತಗಳಿಗೆ ತರಗತಿ, ವಿಷಯ, ವರ್ಷ ಸೇರಿಸಿ ಹೆಸರಿಡಿ. ಒಂದು ಪ್ರತಿ ಯಂತ್ರದಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ, ಒಂದು ಅಂತರ್ಜಾಲ ಸಂಗ್ರಹದಲ್ಲಿ ಇರಲಿ. ಶಾಲೆಯ ವಾಟ್ಸಾಪ್ ಸಂದೇಶಗಳಿಗೆ ದಿನದಲ್ಲಿ ಎರಡು ಹೊತ್ತು ಗೊತ್ತುಪಡಿಸಿದರೆ ಉಳಿದ ಹೊತ್ತು ಪಾಠಕ್ಕೆ ದಕ್ಕುತ್ತದೆ.

ಎಚ್ಚರಿಕೆಗಳು

ಮಕ್ಕಳ ಆಧಾರ್ ಸಂಖ್ಯೆ, ಜಾತಿ, ಅಂಕಪಟ್ಟಿಗಳನ್ನು ವಾಟ್ಸಾಪ್ ಗುಂಪುಗಳಲ್ಲಿ ಹಾಕಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಒಟಿಪಿ ಯಾರಿಗೂ ಹೇಳಬೇಡಿ. ಆನ್‌ಲೈನ್ ವಂಚನೆಗೆ ಒಳಗಾದರೆ ತಡಮಾಡದೆ 1930 ಸಹಾಯವಾಣಿಗೆ ಕರೆಮಾಡಿ. ಕೃತಕ ಬುದ್ಧಿಮತ್ತೆ ಸಾಧನಗಳು ಪ್ರಶ್ನೆಗಳ ಕರಡು ಕೊಡಬಲ್ಲವು. ಆದರೆ ಇಸವಿ, ಹೆಸರು, ಲೆಕ್ಕಗಳಲ್ಲಿ ತಪ್ಪುವುದುಂಟು. ಪಠ್ಯದೊಂದಿಗೆ ಹೋಲಿಸದೆ ಬಳಸಬಾರದು.

ಸಮೂಹ ಮಾಧ್ಯಮಗಳ ಕುರಿತು 1963ರಲ್ಲೇ ದ್ವಿತೀಯ ವ್ಯಾಟಿಕನ್ ಮಹಾಸಭೆ ಪ್ರತ್ಯೇಕ ಆದೇಶಪತ್ರ ಹೊರಡಿಸಿತ್ತು. 2025ರ ಜನವರಿಯಲ್ಲಿ ವ್ಯಾಟಿಕನ್ ಪ್ರಕಟಿಸಿದ ಕೃತಕ ಬುದ್ಧಿಮತ್ತೆ ಕುರಿತ ದಾಖಲೆಯೂ ಶಿಕ್ಷಕರ ಪ್ರತ್ಯಕ್ಷ ಉಪಸ್ಥಿತಿಗೆ ಒತ್ತು ನೀಡಿದೆ. ನಮ್ಮ ಶಾಲೆಗಳು ತಿಂಗಳಿಗೊಮ್ಮೆ ಒಂದು ಶನಿವಾರ ಮಧ್ಯಾಹ್ನ ಒಟ್ಟು ಸೇರಿ, ಬಲ್ಲ ಶಿಕ್ಷಕರು ಇತರರಿಗೆ ಒಂದೊಂದೇ ಕೌಶಲ ಹೇಳಿಕೊಟ್ಟರೆ ಹೊರಗಿನ ತರಬೇತಿಗೆ ಕಾಯಬೇಕಿಲ್ಲ. ಮೊದಲ ಶನಿವಾರಕ್ಕೆ ಕನ್ನಡ ಬೆರಳಚ್ಚು ಸಾಕು.