ಬಂಡಿ ಸಾಕುವ ವಿದ್ಯೆ

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಇರಕಲ್ಲಗಡಕ್ಕೆ ಹೋದಾಗ, ನಮ್ಮ ಮನೆಯ ಮುಂದಿನ ಬೇವಿನ ಮರದ ಕೆಳಗೆ ತಮ್ಮನ ಪಿಕಪ್ ಗಾಡಿ ಬಾನೆಟ್ಟು ತೆರೆದುಕೊಂಡು ನಿಂತಿತ್ತು. ತಂದೆಯವರ ಕಾಲದಲ್ಲಿ ಜೋಡೆತ್ತು ಕಟ್ಟುತ್ತಿದ್ದ ಜಾಗವದು. ಮೂರು ವರ್ಷದ ಹಿಂದೆ ಬ್ಯಾಂಕಿನ ಸಾಲದಿಂದ ಕೊಂಡ ಗಾಡಿ. ದಾಳಿಂಬೆಯನ್ನೂ ಕಾಯಿಪಲ್ಲೆಯನ್ನೂ ಕೊಪ್ಪಳದ ಪೇಟೆಗೆ ಹೊತ್ತು, ಕಂತನ್ನೂ ಮನೆಯ ಖರ್ಚನ್ನೂ ದುಡಿದು ಕೊಡುತ್ತಿತ್ತು. ಕೊಳ್ಳುವಾಗ, “ಸಾಧಾರಣದ್ದು ಬೇಡ, ಟರ್ಬೊ ಇರುವ, ಹೆಚ್ಚು ಬಲದ ಗಾಡಿಯನ್ನೇ ತೆಗೆದುಕೊ” ಎಂದು ಹುರಿದುಂಬಿಸಿದವನು ನಾನೇ.

“ಅಣ್ಣಾ, ಗಾಡಿಗೆ ದಮ್ಮು ಹತ್ತೇತಿ,” ಎಂದ ತಮ್ಮ. “ಏರು ಬಂದರ ಸಾಕು, ಕರಿ ಹೊಗಿ ಬಿಟಗೊಂತ ನಿಲ್ಲತೈತಿ. ಮಾರಿಬಿಡೋಣು.”

ಮಾರುವುದೆಂದರೆ ಸಾಲ ಉಳಿದು ಗಾಡಿ ಹೋಗುವುದು ಎಂದರ್ಥ. ಮರುದಿನ ಮೆಲ್ಲಗೆ ಅದನ್ನು ಕೊಪ್ಪಳಕ್ಕೆ ಒಯ್ದೆವು. ಮೇಸ್ತ್ರಿ ಟರ್ಬೊವನ್ನು ಬಿಚ್ಚಿ, ಅದರ ಅಚ್ಚನ್ನು ಬೆರಳಿನಿಂದ ಅಲ್ಲಾಡಿಸಿ ತೋರಿಸಿದ. ಎಣ್ಣೆ ಸುಟ್ಟು ಇದ್ದಿಲಾಗಿ ಒಳಗೆಲ್ಲ ಕಟ್ಟಿಕೊಂಡಿತ್ತು. “ದೂರದಿಂದ ಭಾರ ಹೊತ್ತು ಬಂದ ಕೂಡಲೇ ಎಂಜಿನ್ ಬಂದ್ ಮಾಡತೀರೇನು?” ಎಂದು ಕೇಳಿದ. ತಮ್ಮ ಮಾತಾಡಲಿಲ್ಲ, ನನ್ನ ಮುಖ ನೋಡಿದ.

ಆ ನೋಟದ ಅರ್ಥ ನನಗೆ ತಿಳಿಯಿತು. ಊರಿಗೆ ಹೋದಾಗಲೆಲ್ಲ, ಗಾಡಿ ಬಂದು ನಿಂತು ಎಂಜಿನ್ ಗುರುಗುಟ್ಟುತ್ತಿದ್ದರೆ, “ಸುಮ್ಮನೆ ಏಕೆ ಡೀಸೆಲ್ ಉರಿಸುತ್ತೀ?” ಎಂದು ಗದರಿಸಿದವನು ನಾನು. ಕಂತು ಕಟ್ಟುವ ತಿಂಗಳು ಎಣ್ಣೆ ಬದಲಿಸುವುದನ್ನು ಮುಂದಕ್ಕೆ ಹಾಕು ಎಂದವನೂ ನಾನೇ. ಗಾಡಿಯೊಡನೆ ಬಂದ ಇಂಗ್ಲಿಷ್ ಕೈಪಿಡಿ ಡ್ಯಾಶ್‌ಬೋರ್ಡಿನಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೇ ಇತ್ತು. ಹಳಗನ್ನಡದ ಶಾಸನಗಳನ್ನು ತರಗತಿಯಲ್ಲಿ ಅಕ್ಷರ ಬಿಡದೆ ಓದಿಸುವ ನಾನು, ಮನೆಯ ಅನ್ನಕ್ಕೆ ಸಂಬಂಧಿಸಿದ ಆ ಪುಸ್ತಕದ ಒಂದು ಪುಟವನ್ನೂ ತಿರುವಿರಲಿಲ್ಲ.

ಟರ್ಬೊ ಎಂದರೇನೆಂಬುದನ್ನು ಮೇಸ್ತ್ರಿಯಿಂದಲೂ ಆ ಪುಸ್ತಕದಿಂದಲೂ ಆಮೇಲೆ ಕಲಿತೆ. ಎಂಜಿನ್ನು ಹೊರಗೆ ಬಿಡುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಕ್ಕೆ ತುಂಬುತ್ತದೆ. ಹೆಚ್ಚು ಗಾಳಿ ಇದ್ದರೆ ಹೆಚ್ಚು ಇಂಧನವನ್ನು ಪೂರ್ತಿಯಾಗಿ ಉರಿಸಬಹುದು. ಚಿಕ್ಕ ಎಂಜಿನ್ನಿಗೆ ದೊಡ್ಡದರ ಬಲ ಬರುತ್ತದೆ. ಆದರೆ ಆ ಅಚ್ಚು ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಕಾಪಾಡುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ ಮಾತ್ರ. ದುಡಿದು ಕೆಂಡವಾದ ಟರ್ಬೊ ಆರುವ ಮೊದಲೇ ಎಂಜಿನ್ ನಿಲ್ಲಿಸಿದರೆ ಎಣ್ಣೆಯ ಹರಿವು ನಿಲ್ಲುತ್ತದೆ. ಒಳಗೆ ಉಳಿದ ಎಣ್ಣೆ ಬೆಂದು ಕರಿಯಾಗುತ್ತದೆ. ಒಂದೆರಡು ನಿಮಿಷ ಎಂಜಿನ್ನನ್ನು ಮೆಲ್ಲಗೆ ಓಡಗೊಟ್ಟರೆ ಈ ಕೇಡಿಲ್ಲ. ನಾನು ಉಳಿಸಿದ್ದು ಆ ಒಂದೆರಡು ನಿಮಿಷದ ಡೀಸೆಲನ್ನು.

ಈ ಯುಕ್ತಿ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಖಿ ಎಂಬ ಎಂಜಿನಿಯರು 1905ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದ. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್, 14,000 ಅಡಿಗೂ ಎತ್ತರದ ಪೈಕ್ಸ್ ಶಿಖರಕ್ಕೆ ವಿಮಾನದ ಎಂಜಿನ್ನನ್ನು ಒಯ್ದು, ಗಾಳಿ ತೆಳುವಾದ ಕಡೆಯೂ ಟರ್ಬೊ ಅದರ ಬಲವನ್ನು ಉಳಿಸುವುದೆಂದು ತೋರಿಸಿದ. 1938ರಲ್ಲಿ ಸ್ವಿಸ್ ಕಂಪನಿ ಸೌರರ್ ಅದನ್ನು ಲಾರಿಗೆ ಜೋಡಿಸಿತು. ನಮ್ಮಲ್ಲಿ ಟೆಲ್ಕೊ ಕಂಪನಿಯವರು 1988ರಲ್ಲಿ ಟಾಟಾಮೊಬೈಲ್ ಎಂಬ ಪಿಕಪ್ಪನ್ನು ತಂದಾಗ ಅದರಲ್ಲಿ ಟರ್ಬೊ ಇರಲಿಲ್ಲ. ಇಂದು ನಮ್ಮೂರ ದಾರಿಗಳಲ್ಲಿ ಓಡುವ ಡೀಸೆಲ್ ಪಿಕಪ್ಪುಗಳಿಗೆ ಅದು ಸಾಮಾನ್ಯವಾದ ಅಂಗ. ಆಲ್ಪ್ಸ್ ಬೆಟ್ಟಗಳ ನಾಡಿನಲ್ಲಿ ಹುಟ್ಟಿದ ಯಂತ್ರ ಇರಕಲ್ಲಗಡದ ಬೇವಿನ ಮರದ ಕೆಳಗೆ ಬಂದು ನಿಂತಿತ್ತು. ಅದನ್ನು ಸಾಕುವ ವಿದ್ಯೆ ಮಾತ್ರ ನಮ್ಮ ಮನೆಗೆ ಬಂದಿರಲಿಲ್ಲ.

ರಿಪೇರಿಗೆ ಮೂರು ದಿನ ಬೇಕಾಯಿತು. ಕೆಲಸವಿಲ್ಲದೆ ಕುಳಿತವನಿಗೆ ಕೊಪ್ಪಳದ ಕೋಟೆಯತ್ತ ಕಣ್ಣು ಹರಿಯುವುದು ಸಹಜ. 1786ರಲ್ಲಿ ಟಿಪ್ಪು ಸುಲ್ತಾನ ಪಾಳೆಯಗಾರನಿಂದ ಅದನ್ನು ವಶಪಡಿಸಿಕೊಂಡು, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದ. 1790ರಲ್ಲಿ ನಿಜಾಮನ ದಂಡೂ ಕಂಪನಿಯ ತುಕಡಿಯೂ ಕೂಡಿ ಅದನ್ನು ಮುತ್ತಿದವು. ದಂಡಿನ ಬಳಿ ಫಿರಂಗಿಗಳೇನೋ ಇದ್ದವು. ಆದರೆ ಅವು ಹೇಗಿದ್ದವು? ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸ್, ನಿಜಾಮನ ಫಿರಂಗಿಗಳು ಕೆಲವೇ ದಿನಗಳಲ್ಲಿ ತಾವು ಹಾರಿಸಿದ ಗುಂಡಿನ ಹೊಡೆತಕ್ಕೆ ತಾವೇ ನಿಷ್ಪ್ರಯೋಜಕವಾದುವೆಂದು ಹೇಳುತ್ತಾನೆ. ಮುತ್ತಿಗೆ ತಿಂಗಳುಗಟ್ಟಲೆ ಎಳೆಯಿತು. ಕೊನೆಗೆ 1791ರ ಏಪ್ರಿಲಿನಲ್ಲಿ, ಬೆಂಗಳೂರು ಬಿದ್ದ ಮೇಲೆ, ಕೊಪ್ಪಳವೂ ಹತ್ತಿರದ ಬಹದ್ದೂರಬಂಡಿಯೂ ಶರಣಾದವು. ತನ್ನ ಬಲವನ್ನು ತಾನೇ ತಾಳಲಾರದ ಫಿರಂಗಿಯ ಕಥೆಯನ್ನು ಹಿಂದೆ ಓದಿ ನಕ್ಕಿದ್ದೆ. ಅಂದು ಗ್ಯಾರೇಜಿನ ಬೆಂಚಿನ ಮೇಲೆ ನಗು ಬರಲಿಲ್ಲ.

ಅದೇ ಕಾಲದ ಇನ್ನೊಂದು ಸಂಗತಿ ಇದಕ್ಕೆ ತದ್ವಿರುದ್ಧವಾದದ್ದು. ಆಗಿನ ಯುದ್ಧದಲ್ಲಿ ಫಿರಂಗಿಯನ್ನೂ ಸಾಮಾನನ್ನೂ ಎಳೆಯುತ್ತಿದ್ದುದು ಎತ್ತುಗಳು. ಆ ಕಾಲದ ಬಲವುಳ್ಳ ಗಾಡಿಗಳೆಂದರೆ ಅವೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದ ದನಗಳ ಇಲಾಖೆಯನ್ನು ಹೈದರಾಲಿ ಬೆಳೆಸಿದ. ಟಿಪ್ಪು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟು, ದನಗಳ ಪಾಲನೆಗೆ ಹುಕುಂನಾಮೆಯನ್ನೇ ಹೊರಡಿಸಿದ. ಈ ಎತ್ತುಗಳ ಬಲದಿಂದ ಹೈದರನ ದಂಡು ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆಯಿತೆಂದು ಪ್ರಸಿದ್ಧಿಯುಂಟು. ಆ ವೇಗವನ್ನು ನಾವು ಕೊಂಡಾಡುತ್ತೇವೆ. ಅದರ ಹಿಂದೆ ಕಾವಲುಗಳಿದ್ದವು, ಋತುವಿಗೆ ತಕ್ಕ ಮೇವಿತ್ತು, ಲೆಕ್ಕವಿತ್ತು, ಎತ್ತಿನ ಕಾಲನ್ನು ದಿನವೂ ನೋಡುವ ಜನರಿದ್ದರು ಎಂಬುದು ನೆನಪಿಗೆ ಬರುವುದು ಕಡಿಮೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಪಾಲನೆ ಸಡಿಲವಾಯಿತು. ತಳಿ ಎಷ್ಟು ಕ್ಷೀಣಿಸಿತೆಂದರೆ 1813ರಲ್ಲಿ ಕಂಪನಿಯ ಸೇನೆಯ ಅಧಿಕಾರಿಗಳೇ ಅದನ್ನು ವಹಿಸಿಕೊಳ್ಳಬೇಕಾಯಿತು. ಮತ್ತೆ ಚೇತರಿಸಿಕೊಂಡಿತು. ಬಳಿಕ 1860ರಲ್ಲಿ ಮದರಾಸು ಸರ್ಕಾರ ಮಿತವ್ಯಯದ ಹೆಸರಿನಲ್ಲಿ ಇಡೀ ಹಿಂಡನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ಪಶ್ಚಾತ್ತಾಪಪಟ್ಟು, 1866ರಲ್ಲಿ ಚದುರಿದ ದನಗಳನ್ನು ಮತ್ತೆ ಕೂಡಿಸಿ ಹೊಸದಾಗಿ ಆರಂಭಿಸಬೇಕಾಯಿತು. ಮೇವಿನ ಖರ್ಚು ಲೆಕ್ಕದ ಪುಸ್ತಕದಲ್ಲಿ ಎದ್ದು ಕಾಣುತ್ತದೆ. ಮೇವು ಇಲ್ಲದಾಗಿನ ನಷ್ಟವನ್ನು ಬರೆಯಲು ಅದರಲ್ಲಿ ಅಂಕಣವಿಲ್ಲ. ನನ್ನ ಡೀಸೆಲಿನ ಲೆಕ್ಕಕ್ಕೂ ಆ ಸರ್ಕಾರದ ಲೆಕ್ಕಕ್ಕೂ ಹೆಚ್ಚಿನ ಅಂತರವೇನೂ ಕಾಣಲಿಲ್ಲ.

ನಮ್ಮ ತಂದೆಯವರು ಓದಿದವರಲ್ಲ. ಹೊಲದಿಂದ ಬಂದ ಎತ್ತಿಗೆ ಕೂಡಲೇ ನೀರು ತೋರಿಸುತ್ತಿರಲಿಲ್ಲ. ನೊಗ ಇಳಿಸಿ, ಬೆನ್ನು ತಿಕ್ಕಿ, ಅದರ ಉಸಿರು ಹದಕ್ಕೆ ಬಂದ ಮೇಲೆ ಬಾನಿಯ ಬಳಿಗೆ ಒಯ್ಯುತ್ತಿದ್ದರು. ಹಸಿದು ಬಂದ ನಾವು ಆತುರಪಟ್ಟರೆ, “ಅದು ನಮಗಿಂತ ಹೆಚ್ಚು ದುಡದೈತಿ” ಎನ್ನುತ್ತಿದ್ದರು. ಎತ್ತು ಹೋಗಿ ಗಾಡಿ ಬಂದಾಗ, ಯಂತ್ರಕ್ಕೆ ಉಸಿರಿಲ್ಲವೆಂದು ಬಗೆದು, ಅವರ ಆ ತಿಳಿವಳಿಕೆಯನ್ನೂ ಎತ್ತಿನೊಡನೆಯೇ ಮಾರಿಬಿಟ್ಟಿದ್ದೆವು.

ಹೊಸ ಟರ್ಬೊವಿನ ಹಣವನ್ನು ನನ್ನ ಸಂಬಳದಿಂದ ಕೊಟ್ಟೆ. ಅದು ಉಪಕಾರವಲ್ಲ, ದಂಡ. ಕೈಪಿಡಿಯಲ್ಲಿ ಬೇಕಾದ ನಾಲ್ಕಾರು ಮಾತುಗಳನ್ನು ಕನ್ನಡದಲ್ಲಿ ಬರೆದು ತಮ್ಮನಿಗೆ ಕೊಟ್ಟೆ: ಹೊರಡುವ ಮೊದಲು ಎಣ್ಣೆಯ ಮಟ್ಟ ನೋಡು; ಹೇಳಿದಷ್ಟು ಕಿಲೋಮೀಟರಿಗೆ ಹೇಳಿದ ಜಾತಿಯ ಎಣ್ಣೆಯನ್ನೇ ಹಾಕು; ನಮ್ಮ ದಾರಿಯ ಧೂಳಿಗೆ ಗಾಳಿಯ ಜಾಲರಿಯನ್ನು ಮತ್ತೆ ಮತ್ತೆ ನೋಡಿಕೋ; ಹೊರಟ ಕೂಡಲೇ ದೌಡಾಯಿಸಬೇಡ; ನಿಂತ ಕೂಡಲೇ ಆರಿಸಬೇಡ. ಅವನು ಓದಿ, “ಇದರಾಗ ಅರ್ಧ ಅಪ್ಪನ ಮಾತ ಅದಾವಲ್ಲ” ಎಂದ.

ಮಾರುವ ಮಾತು ಸದ್ಯಕ್ಕೆ ನಿಂತಿದೆ. ಇನ್ನೂ ಎರಡು ವರ್ಷದ ಕಂತು ಉಳಿದಿದೆ. ರಜೆ ಮುಗಿಸಿ ಹೊರಡುವ ಹಿಂದಿನ ಸಂಜೆ ತಮ್ಮ ಪೇಟೆಯಿಂದ ಬಂದು ಗಾಡಿಯನ್ನು ಬೇವಿನ ಕೆಳಗೆ ನಿಲ್ಲಿಸಿದ. ಎಂಜಿನ್ ಗುರುಗುಟ್ಟುತ್ತಲೇ ಇತ್ತು. ನನ್ನ ಬಾಯಿಗೆ ಹಳೆಯ ಗದರಿಕೆ ಬಂದಿತ್ತು. ನುಂಗಿಕೊಂಡು, ಅದು ಆರುವವರೆಗೆ ಅವನ ಪಕ್ಕದಲ್ಲಿ ನಿಂತೆ.