ಒಂದೇ ಕೊಳದ ನಾಲ್ಕು ಮೀನುಗಳು

ಮೀನು ಸಾಕುವ ಕಸುಬು ಚೀನದೇಶದಲ್ಲಿ ಅತಿ ಪ್ರಾಚೀನವಾದುದು. ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಮಂತ್ರಿಯೂ ವರ್ತಕನೂ ಆಗಿದ್ದ ಫಾನ್ ಲೀ ಎಂಬಾತನ ಹೆಸರಿನಲ್ಲಿ ಈ ವಿಷಯದ ಗ್ರಂಥವೊಂದುಂಟು. ಆದರೆ ಅದು ಮುಖ್ಯವಾಗಿ ಸಾಮಾನ್ಯ ಗೆಂಡೆಮೀನೊಂದನ್ನೇ ಕುರಿತದ್ದು. ಬೇರೆಬೇರೆ ಆಹಾರದ ಮೀನುಗಳನ್ನು ಒಂದೇ ನೀರಿನಲ್ಲಿ ಬೆಳೆಸುವ ಪದ್ಧತಿಯು ಅನಂತರದ್ದು.

ಇದರ ಹುಟ್ಟಿಗೆ ಒಂದು ಕಥೆಯನ್ನು ಹೇಳುವರು. ಕ್ರಿ. ಶ. 618ರಿಂದ 907ರವರೆಗೆ ಆಳಿದ ತಾಂಗ್ ಅರಸರ ಮನೆತನದ ಹೆಸರು ಲೀ; ಚೀನೀಭಾಷೆಯಲ್ಲಿ ಗೆಂಡೆಗೂ ಅದೇ ಉಚ್ಚಾರಣೆ. ಅರಸನ ಹೆಸರಿನ ಮೀನನ್ನು ಪ್ರಜೆಗಳು ಹಿಡಿದು ಮಾರುವುದೆಂತು? ನಿಷೇಧವಾಯಿತು, ಸಾಕುವವರು ಬೇರೆ ಮೀನುಗಳ ಕಡೆಗೆ ತಿರುಗಿದರು. ಕಥೆಯು ಸೊಗಸಾಗಿದೆ, ಆದರೂ ರಾಜಾಜ್ಞೆಯೊಂದೇ ಇಷ್ಟು ದೊಡ್ಡ ವಿದ್ಯೆಗೆ ಜನ್ಮವಿತ್ತಿತೆಂದು ನಂಬುವುದು ಕಷ್ಟ. ಇಲ್ಲಿ ನದಿಯ ಪಾಲೇ ಹೆಚ್ಚಿನದೆಂದು ತೋರುತ್ತದೆ. ಹುಲ್ಲುಗೆಂಡೆ, ಬೆಳ್ಳಿಗೆಂಡೆ, ದೊಡ್ಡತಲೆಗೆಂಡೆ, ಕರಿಗೆಂಡೆ ಈ ನಾಲ್ಕೂ ನಿಂತ ನೀರಿನಲ್ಲಿ ಮೊಟ್ಟೆಯಿಡವು. ಆದಕಾರಣ ಯಾಂಗ್‌ಟ್ಸಿ ಮೊದಲಾದ ಹೊಳೆಗಳಲ್ಲಿ ತೇಲಿಬರುವ ಮರಿಗಳನ್ನು ಹಿಡಿದು ಕೊಳಗಳಿಗೆ ತರಬೇಕಾಗಿತ್ತು. ಅಷ್ಟು ಸಣ್ಣ ಮರಿಗಳಲ್ಲಿ ಜಾತಿಯನ್ನು ಗುರುತಿಸುವುದು ಸುಲಭವಲ್ಲ. ಬಲೆಗೆ ಬಿದ್ದವು ಕೂಡಿಯೇ ಕೊಳವನ್ನು ಸೇರಿದವು, ಕೂಡಿಯೇ ಬೆಳೆದವು.

ಬೆಳೆದರೂ ಒಂದರ ಅನ್ನವನ್ನು ಇನ್ನೊಂದು ಕಸಿಯಲಿಲ್ಲ. ಹುಲ್ಲುಗೆಂಡೆಗೆ ಹುಲ್ಲು ಮೇವು. ಕರಿಗೆಂಡೆಯು ತಳದ ಬಸವನಹುಳುಗಳನ್ನು ಚಿಪ್ಪೊಡೆದು ತಿನ್ನುವುದು. ಬೆಳ್ಳಿಗೆಂಡೆಯು ನೀರನ್ನು ಹಸುರಾಗಿಸುವ ಸೂಕ್ಷ್ಮ ಸಸ್ಯಗಳನ್ನು ಸೋಸಿಕೊಳ್ಳುವುದು. ಆ ಸಸ್ಯಗಳನ್ನು ತಿಂದು ಬದುಕುವ ಸೂಕ್ಷ್ಮ ಪ್ರಾಣಿಗಳೇ ದೊಡ್ಡತಲೆಗೆಂಡೆಗೆ ಪ್ರಧಾನವಾದ ಆಹಾರ. 1639ರಲ್ಲಿ ಅಚ್ಚಾದ ಷೂ ಕ್ವಾಂಗ್‌ಚೀಯ ಕೃಷಿಗ್ರಂಥದಲ್ಲಿ ಕೊಳದ ದಂಡೆಯ ಮೇಲೆ ಕುರಿದೊಡ್ಡಿಯನ್ನು ಕಟ್ಟಿ, ದಿನವೂ ಬೆಳಿಗ್ಗೆ ಹಿಕ್ಕೆಯನ್ನು ನೀರಿಗೆ ಗುಡಿಸುವ ವಿಧಾನವಿದೆ. ಹಿಕ್ಕೆ ಹುಲ್ಲುಗೆಂಡೆಗೆ, ಹುಲ್ಲುಗೆಂಡೆಯ ಮಲ ಬೆಳ್ಳಿಗೆಂಡೆಯ ಬಳಗಕ್ಕೆ ಎಂಬುದು ಅವನ ಲೆಕ್ಕ. ಮಲವು ನೀರಿಗೆ ಗೊಬ್ಬರವಾಗಿ ಆ ಸೂಕ್ಷ್ಮ ಸಸ್ಯಗಳನ್ನು ಬೆಳೆಸುವುದೆಂಬುದು ಈಗಿನವರ ವಿವರಣೆ. ಸೂಕ್ಷ್ಮದರ್ಶಕವಿಲ್ಲದೆ ಅಷ್ಟು ದೂರ ಕಂಡದ್ದು ಸಾಮಾನ್ಯವಲ್ಲ.

ಇಷ್ಟಾದರೂ ಈ ವಿದ್ಯೆಯು ನದಿಗೆ ಅಡಿಯಾಳಾಗಿಯೇ ಇತ್ತು. ಹೊಳೆಯಲ್ಲಿ ಮರಿ ಕಡಮೆಯಾದ ವರ್ಷ ಕೊಳ ಬರಿದು. ಗಂಗೆಯ ಮರಿಗಳನ್ನು ನೆಚ್ಚಿದ್ದ ಬಂಗಾಳದವರ ಪಾಡೂ ಇದೇ. 1957ರಲ್ಲಿ ಒಡಿಶಾದ ಕಟಕದಲ್ಲಿ ಹೀರಾಲಾಲ್ ಚೌಧುರಿ ಮತ್ತು ಆಲಿಕುಂಞಿ ಎಂಬವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ನಮ್ಮ ದೇಶದ ಗೆಂಡೆಗಳಿಂದ ಮೊಟ್ಟೆಯಿಡಿಸಿದರು; ಮರುವರ್ಷ ಚೀನದ ಕ್ವಾಂಗ್‌ತುಂಗ್ ಪ್ರಾಂತದಲ್ಲಿ ಬೆಳ್ಳಿಗೆಂಡೆ, ದೊಡ್ಡತಲೆಗೆಂಡೆಗಳಲ್ಲಿಯೂ ಆ ಕಾರ್ಯ ಸಿದ್ಧಿಸಿತು. 1959ರಲ್ಲಿ ಬೆಳ್ಳಿಗೆಂಡೆ, ಹುಲ್ಲುಗೆಂಡೆಗಳು ಭಾರತಕ್ಕೆ ಬಂದು ಕಾಟ್ಲ, ರೋಹು, ಮೃಗಾಲ್‌ಗಳ ನೆರೆಯವಾದುವು. ಕರ್ಣಾಟಕದ ಕೆರೆಗಳಿಗೆ ಇಂದು ಬಿಡುವ ಮರಿಗಳಿಗೆ ಹೊಳೆಯನ್ನು ಕಾಯಬೇಕಾಗಿಲ್ಲ.